ಕಾಕುಗೆ ಹೋಗುತ್ತಿದ್ದ ಪ್ರಶ್ನೆಗಳು

ಮೊನ್ನೆ ಚಂದಾಪುರದ ಪೇಟೆಯಲ್ಲಿ ರವಿಕೆ ಸಡಿಲ ಮಾಡಿಸಲು ಒಂದು ಹೊಲಿಗೆ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲೇ ಮಷೀನಿನ ಎಣ್ಣೆಯ ವಾಸನೆ, ಜೊತೆಗೆ ಇಸ್ತ್ರಿಯ ಬಿಸಿಗೆ ತುಸು ಕಮರಿದ ಬಟ್ಟೆಯ ವಾಸನೆ... ಸೇಡಂನ ನಮ್ಮ ಓಣಿಯ ಎದುರುಮನೆ ಕಾಕು ನೆನಪಾದರು. ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೂ ನೆನಪಾಯಿತು.

ಓಣಿಯ ಮಕ್ಕಳಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ; ಅವರೆಲ್ಲರ ಯೂನಿಫಾರ್ಮ್ ಹೊಲಿಯುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಚಂದ್ರನ ಮೇಲೆ ನಮ್ಮ ನೌಕೆ ಇಳಿದ ವರ್ಷ ಮಗಳು ನಾಲ್ಕನೇ ತರಗತಿ. ಮಕ್ಕಳಿಗೆಲ್ಲ ಬಾಹ್ಯಾಕಾಶದ ಹುಚ್ಚು. ಇನ್ನು ನನ್ನ ಕಾಲ ಬಂತು ಅಂದುಕೊಂಡೆ. ಗೋಡೆಗೆ ಗ್ರಹಗಳ ಚಿತ್ರ ಹಚ್ಚಿದೆ, ಗಗನಯಾತ್ರಿಗಳು ಹಲ್ಲುಜ್ಜುವ ವಿಡಿಯೋ ಹುಡುಕಿಟ್ಟೆ, ಉತ್ತರಗಳನ್ನು ತಯಾರು ಮಾಡಿಕೊಂಡು ಕುಳಿತೆ. ಅವಳೋ ಶಾಲೆಯಿಂದ ಬಂದವಳೇ ಚೀಲ ಮೂಲೆಗೆ ಒಗೆದು, ಚಪ್ಪಲಿ ಕೂಡ ಮೆಟ್ಟದೆ ಎದುರುಮನೆಗೆ ಓಡುತ್ತಿದ್ದಳು. ಪ್ರಶ್ನೆಗಳೆಲ್ಲ ಅಲ್ಲಿಗೆ!

ಒಂದು ಸಂಜೆ ಕರೆಯಲು ಹೋದೆ. ಓಣಿಯ ನಾಲ್ಕಾರು ಮಕ್ಕಳು ಮಷೀನಿನ ಸುತ್ತ ಫರಸಿ ಕಲ್ಲಿನ ನೆಲದ ಮೇಲೆ ಕುಳಿತಿದ್ದರು. ಮಗಳು ಕೇಳುತ್ತಿದ್ದಳು: "ಕಾಕು, ಹೆಲ್ಮೆಟ್ ಹಾಕ್ಕೊಂಡಾಗ ಮೂಗ ತುರಿಸಿದ್ರ ಏನ್ ಮಾಡ್ತಾರ?"

ಕಾಕು ತುಳಿಯುವುದನ್ನು ನಿಲ್ಲಿಸಿದರು. "ಹೌದಲ್ಲವಾ! ಕೇಳಿದ ಕೂಡ್ಲೇ ನಂದೂ ತುರಸ್ಲಿಕತ್ತದ ನೋಡು."

ರೊಟ್ಟಿ ಬುಟ್ಟಿ ತಂದು ಮಗಳ ತಲೆಯ ಮೇಲೆ ಬೋರಲು ಹಾಕಿದರು. "ಕೈ ಹಚ್ಚಬ್ಯಾಡ. ಈಗ ತುರಿಸ್ಕೊ." ಮಗಳು ಬುಟ್ಟಿಯ ಅಂಚಿಗೆ ಮೂಗು ಉಜ್ಜಲು ಒದ್ದಾಡಿದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಕಾಕು ಮಾತ್ರ ನಗಲಿಲ್ಲ, ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತ ನಿಜಕ್ಕೂ ಯೋಚಿಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಹೆಲ್ಮೆಟ್ ಒಳಗ ಒಂದು ಸಣ್ಣ ಮೆತ್ತನ ತುಂಡು ಇರ್ತದ. ಅದಕ್ಕೇ ಮೂಗ ಉಜ್ಜತಾರ," ಎಂದೆ.

ಮಗಳು ಬುಟ್ಟಿ ತೆಗೆದು ನನ್ನನ್ನು ನೋಡಿದಳು. "ಯಾಕ ಹೇಳಿದಿ ಮಮ್ಮಿ? ನಾವು ಹುಡುಕ್ಲಿಕತ್ತಿದ್ವಿ."

"ಟೀಚರ್ ಖರೇನೇ ಹೇಳ್ಯಾರವಾ," ಅಂದರು ಕಾಕು. "ಬರ್ರಿ ಟೀಚರ್, ಕುಂದ್ರಿ. ಚಾ ಮಾಡ್ತೀನಿ." ಆ ಮರ್ಯಾದೆಗೆ ಮೈಯೆಲ್ಲ ಉರಿಯಿತು. ಕೆಲಸ ಅದ ಅಂದು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ.

ಅವಳನ್ನು ನನ್ನ ಕಡೆ ತಿರುಗಿಸಿಕೊಳ್ಳಲು ಏನೇನೋ ಮಾಡಿದೆ. ರೊಟ್ಟಿ ಬಡಿಯುತ್ತ ನಾನೇ ಕೇಳಿದೆ, ಖಡಕ್ ರೊಟ್ಟಿ ಬಾಹ್ಯಾಕಾಶಕ್ಕೆ ಒಯ್ಯಲು ಬರುತ್ತದೆಯೇ ಎಂದು. ಎಂಥ ಚಂದದ ಪ್ರಶ್ನೆ ಹೊಳೆಯಿತು ಅಂತ ಹಿಗ್ಗಿದ್ದೆ.

"ಬರಲ್ಲ. ಮುರಿದ್ರ ಚೂರು ತೇಲಿ ಕಣ್ಣಾಗ ಹೋಗ್ತಾವ," ಅಂದಳು, ತಲೆಯನ್ನೂ ಎತ್ತದೆ. "ಶೇಂಗಾ ಹಿಂಡಿ ಪುಡಿನೂ ತೇಲ್ತದ, ಮೊಸರು ಕಲಸ್ಕೊಂಡು ಹೋಗ್ಬೇಕು. ಕಾಕುನ ಮನ್ಯಾಗ ಎಲ್ಲಾ ಮಾತಾಡಿ ಆಗ್ಯದ."

ಎಲ್ಲಾ ಆಗಿತ್ತು! ನನಗೆಂದು ಒಂದು ರೊಟ್ಟಿಯ ಚೂರನ್ನೂ ಉಳಿಸಿರಲಿಲ್ಲ ಆ ಹೆಂಗಸು. ಹೆತ್ತವಳು ನಾನು, ಓದಿದವಳು ನಾನು, ಮಗಳ ಕಣ್ಣು ಅರಳುವುದು ಮಾತ್ರ ಅವರ ಮುಂದೆ. ಆ ವರ್ಷ ಯೂನಿಫಾರ್ಮನ್ನು ಬೇಕೆಂದೇ ಬೇರೆ ಕಡೆ ಹೊಲಿಸಿದೆ. ತೋಳು ಗಿಡ್ಡವಾಗಿತ್ತು. ಮಗಳು ನನಗೆ ಹೇಳದೆ ಕಾಕುವಿನಿಂದಲೇ ಬಿಚ್ಚಿಸಿ ಸರಿಮಾಡಿಸಿಕೊಂಡಳು.

ಮರುವರ್ಷದ ಚಳಿಯಲ್ಲಿ ಕಾಕುಗೆ ಎದೆಯಲ್ಲಿ ಕಫ ಕಟ್ಟಿತು. ಕಲಬುರಗಿಯ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅವರ ತಂಗಿ ಬಂದು ಮಷೀನನ್ನು ಟಂಟಂ ಆಟೋದಲ್ಲಿ ಹೇರಿಸಿಕೊಂಡು ಹೋದಾಗ ಮಗಳು ಕಿಟಕಿಯಲ್ಲಿ ನಿಂತಿದ್ದಳು... ಅಳಲಿಲ್ಲ.

ಸ್ವಲ್ಪ ದಿನಗಳ ಮೇಲೆ, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಬಂದು ಬಾಗಿಲಿಗೆ ಒರಗಿ ನಿಂತಳು.

"ಮಮ್ಮಿ, ಅಲ್ಲಿ ಮ್ಯಾಲ ಯಾರರ ಸತ್ರ ಏನ್ ಮಾಡ್ತಾರ?"

ಇಷ್ಟು ದಿನ ಕಾದಿದ್ದ ಪ್ರಶ್ನೆ ಕೊನೆಗೂ ನನ್ನ ಮನೆಗೆ ಬಂದಿತ್ತು. ಅದೂ ಕಾಕುವಿನ ಬಗ್ಗೆಯೇ! ಬಾಹ್ಯಾಕಾಶದಲ್ಲಿ ಸತ್ತವರನ್ನು ಏನು ಮಾಡುತ್ತಾರೆಂದು ನಾನು ಓದಿದ್ದೆ, ಹೇಳಬಹುದಿತ್ತು. ಆದರೂ "ಗೊತ್ತಿಲ್ಲವಾ," ಅಂದೆ. ಅವಳು ಒಳಗೆ ಹೋದಳು. ಕಾಕು ಆಗಿದ್ದರೆ ಏನು ಅನ್ನುತ್ತಿದ್ದರೋ...

ಈಗ ಎದುರುಮನೆಯಲ್ಲಿ ಬೇರೆಯವರು ಬಾಡಿಗೆಗಿದ್ದಾರೆ. ಮಗಳು ಏಳನೇ ತರಗತಿ. ನನ್ನನ್ನು ಏನೂ ಕೇಳುವುದಿಲ್ಲ, ಬೇರೆಯವರನ್ನೂ ಕೇಳುವುದಿಲ್ಲ. ಏನಾದರೂ ಹೊಳೆದರೆ ಫೋನಿನಲ್ಲಿ ಟೈಪ್ ಮಾಡಿ, ಓದಿ, ಅಳಿಸಿಬಿಡುತ್ತಾಳೆ. ಕಾಕು ಇದ್ದಾಗ ಅವರ ಬಾಗಿಲಲ್ಲಿ ನಿಂತು ಹೊಟ್ಟೆ ಉರಿದುಕೊಂಡಾದರೂ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಮಗಳ ತಲೆಯಲ್ಲಿ ಏನು ಓಡುತ್ತಿದೆಯೆಂದು ಈಗ ನನಗೆ ಗೊತ್ತಿಲ್ಲ.