ಕೊಂಬಕ್ಕನ ಮೇಜಿಗೆ ಬಂದ ನಾಯಿ

ಕೊಂಬಕ್ಕನ ಕೋಣೆ ಇರುವುದು ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಡಿದಾದ ಮರದ ಮೆಟ್ಟಿಲು ಹತ್ತಿ ಬಂದವರು ಮೊದಲು ಮಾಡುವ ಕೆಲಸ ಮೂಗು ಮುಚ್ಚಿಕೊಳ್ಳುವುದು. ಸುಟ್ಟ ಕೂದಲಿನ ವಾಸನೆ ಅಂದ್ರೆ ಅಂತಿಂಥದ್ದಲ್ಲ! "ಯಾರ ತಲೆಗೆ ಬೆಂಕಿ ಬಿತ್ರೀ?" ಅಂತ ಹೊಸಬರು ಕೇಳಬೇಕು, ಕೊಂಬಕ್ಕ ಗಹಗಹಿಸಿ ನಗಬೇಕು. "ಅದು ಅಸಲಿ ಮಾಲಿನ ವಾಸನೆ ಕಣಮ್ಮಾ. ಕಾದ ಸೂಜಿ ತಾಗಿಸಿದಾಗ ಹೀಗೆ ನಾತ ಹೊಡೆದ್ರೆ ಕೊಂಬು. ಪ್ಲಾಸ್ಟಿಕ್ ನಾತ ಹೊಡೆದ್ರೆ ಸೀದಾ ಮನೆಗೆ ಹೋಗಿ, ತಂದುಕೊಟ್ಟವರ ಜತೆ ಜಗಳ ಆಡಿ."

ಹಳೇ ಕಾಲದ ಕೊಂಬಿನ ಒಡವೆ ಗುರುತು ಹಿಡಿಯುವುದು, ಅದರ ವಯಸ್ಸು ಹೇಳುವುದು, ಮುರಿದದ್ದನ್ನು ನೆಟ್ಟಗೆ ಮಾಡುವುದು ಅವಳ ಕಸುಬು. ಅದರಲ್ಲೂ ಪ್ರಾಣಿ, ಪಕ್ಷಿ, ಹುಳಹುಪ್ಪಟೆ ಕೆತ್ತಿದ ಒಡವೆ ಕಂಡರೆ ಮುಗೀತು, ಊಟ ಬೇಡ, ನಿದ್ದೆ ಬೇಡ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಳೆಂದರೆ ಪಕ್ಕದಲ್ಲಿಟ್ಟ ಟೀ ಆರಿ ಕೆನೆಗಟ್ಟಬೇಕು. ಟೀ ತಂದ ಗಂಡ, ರಿಟೈರಾದ ಬಸ್ ಡ್ರೈವರ್, ಗೊಣಗುತ್ತಾನೆ: "ನನ್ನ ಮುಖಾನ ಇಷ್ಟು ಹತ್ತಿರದಿಂದ ಒಂದು ದಿನವಾದ್ರೂ ನೋಡಿದ್ದೀಯೇನೇ?"

"ನಿಮ್ಮ ಮುಖಕ್ಕೆ ಭೂತಗನ್ನಡಿ ಯಾಕ್ರೀ, ಬೀದಿಯ ಆ ತುದಿಯಿಂದಲೇ ಕಾಣುತ್ತೆ!"

ಬಾಯಿ ಹಾಗೆ. ಆದರೆ ಕೈ? ಆಹಾ, ಆ ಕೈ! ಅವಳಪ್ಪ ಕೊಂಬಿನ ಬಾಚಣಿಗೆ ಮಾಡುತ್ತಿದ್ದವನು. ಪ್ಲಾಸ್ಟಿಕ್ ಬಾಚಣಿಗೆ ಬಂದು ಆ ಕಸುಬಿನ ಕತ್ತು ಹಿಸುಕಿತು. ಅಪ್ಪ ಅರ, ಗರಗಸ, ಮರದ ಅಚ್ಚು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆಸೆದ. ಮಗಳು ಇಳಿಸಿಕೊಂಡಳು. ಅಣ್ಣಂದಿರು, "ಇವಳಿಗೇನು ಕೊಂಬು ಬಂದಿದ್ಯಾ?" ಅಂತ ಆಡಿಕೊಂಡು ನಕ್ಕರು. ಪಕ್ಕದ ಮನೆಯ ಚಿಕ್ಕಮ್ಮನ ಹಳೇ ಪದಕದಲ್ಲಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಮುರಿದಿತ್ತು. ಅದನ್ನವಳು ಎಲ್ಲಿ ಮುರಿದಿತ್ತೆಂದು ಹುಡುಕಿದರೂ ಸಿಗದ ಹಾಗೆ ಕೂಡಿಸಿಕೊಟ್ಟ ದಿನ ಅಣ್ಣಂದಿರ ಬಾಯಿ ಬಂದಾಯಿತು. ಹೆಸರು ಮಾತ್ರ ಕೊಂಬಕ್ಕ ಅಂತಲೇ ಉಳಿಯಿತು.

ಇಂಥ ಕೊಂಬಕ್ಕನ ಬಾಗಿಲಿಗೆ ಒಂದು ಬೆಳಿಗ್ಗೆ ಒಬ್ಬ ಸೊಸೆ ಬಂದಳು. ಮೂವತ್ತರ ಹೆಂಗಸು, ಅತ್ತು ಅತ್ತು ಮೂಗು ಕೆಂಪಗಾಗಿತ್ತು. ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಒಂದು ಚಪ್ಪಟೆ ತುಣುಕು ಇಟ್ಟಳು. ಜೇನಿನ ಬಣ್ಣ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಲ್ಲಲ್ಲಿ ಸೀಳು. ಬಾಡಿದ ಎಲೆ ಅನ್ನಬಹುದಿತ್ತು, ಅಷ್ಟೇ.

"ಇದು ನಾಯಿ" ಅಂದಳು ಸೊಸೆ.

"ಯಾವ ಕಡೆಯಿಂದ?"

"ನಾಯಿ ಆಗಿತ್ತು ಅಕ್ಕಾ! ಜೋಲು ಕಿವಿ ನಾಯಿ. ನಮ್ಮತ್ತೆಯ ಬ್ರೋಚು, ದಿನಾ ಶಾಲಿಗೆ ಚುಚ್ಚಿಕೊಳ್ತಾರೆ. ನಾದಿನಿ ಮನೆಗೆ ಹೋಗುವಾಗ ಬಿಟ್ಟುಹೋಗಿದ್ರು. ಜಿಡ್ಡಾಗಿದೆ, ತೊಳೆದಿಟ್ಟರೆ ಖುಷಿಪಡ್ತಾರೆ ಅಂತ ಕುದಿಯೋ ನೀರಿಗೆ ಹಾಕಿದೆ. ನೋಡನೋಡ್ತಾ ಅರಳಿಕೊಂಡುಬಿಡ್ತು!" ಮತ್ತೆ ಅಳು. "ಭಾನುವಾರ ಬರ್ತಾರೆ. ನನಗೂ ಅವರಿಗೂ ಮೊದಲೇ ಅಷ್ಟಕ್ಕಷ್ಟೆ. ಇದನ್ನ ನೋಡಿದ್ರೆ ಜನ್ಮದಲ್ಲಿ ನನ್ನ ಜತೆ ಮಾತಾಡಲ್ಲ."

ಕೊಂಬಕ್ಕ ಹಣೆ ಚಚ್ಚಿಕೊಂಡಳು. ಕೊಂಬು ಕಾದರೆ ಮೆತ್ತಗಾಗುತ್ತದೆ. ಆಗ ಬಗ್ಗಿಸಿ, ತಣ್ಣಗಾಗುವವರೆಗೆ ಅಚ್ಚಿನಲ್ಲಿ ಬಿಗಿದಿಟ್ಟರೆ ಹಾಗೇ ನಿಲ್ಲುತ್ತದೆ. ಮತ್ತೆ ಕಾಯಿಸಿದಿರೋ, ಕಲಿಸಿದ್ದೆಲ್ಲ ಮರೆತು ಚಪ್ಪಟೆಯಾಗಿ ಮಲಗುತ್ತದೆ. ಒಡವೆಯನ್ನು ಕುದಿನೀರಿಗೆ ಹಾಕುವ ಪುಣ್ಯಾತ್ಗಿತ್ತಿಯರು ಎಷ್ಟು ಜನರೋ!

"ಅಳು ನಿಲ್ಲಿಸು. ಭಾನುವಾರ ಬೆಳಿಗ್ಗೆ ಬಾ, ನಾಯಿ ಕೊಡ್ತೀನಿ."

ಮಾತು ಕೊಟ್ಟಾಯಿತು. ಆಮೇಲೆ ಕೊಂಬಕ್ಕ ಸಾಮಾನನ್ನು ನೋಡಿದಳು.

ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಗೆರೆಗಳು ಜತೆಜತೆಯಾಗಿ ಓಡಿದ್ದವು. ಕೊಂಬೇ, ಸೂಜಿ ಕೂಡ ಬೇಡ. ಹಿಂದಿನ ಪಿನ್ನು ತುಣುಕಿನ ಅಂಚು ದಾಟಿ ಆಚೆ ಚಾಚಿತ್ತು, ಅದನ್ನು ಹಿಡಿಯುವುದಕ್ಕೆ ಒಂದು ಬೋಳು ಕೊಕ್ಕೆ, ಬೀಗದ ತಿರುಪಿಲ್ಲ. ಅಂದರೆ ನೂರು ವರ್ಷದ ಮೇಲಿನ ಮಾಲು! ಹುಳ ಕೊರೆದ ಎರಡು ತೂತು, ಅದಕ್ಕೆ ಕೊಂಬಿನ ಪುಡಿ ಅಂಟಿನಲ್ಲಿ ಕಲೆಸಿ ತುಂಬಿದರಾಯಿತು. ಇಷ್ಟು ಮಾಮೂಲು. ಆಮೇಲೆ ಕಿವಿಯ ಬುಡಕ್ಕೆ ಭೂತಗನ್ನಡಿ ತಂದಳು ನೋಡಿ, ಕುರ್ಚಿಯಿಂದ ಎದ್ದೇಬಿಟ್ಟಳು.

ಅಲ್ಲಿ ಹಲ್ಲಿನ ಗುರುತುಗಳಿದ್ದವು, ಇಕ್ಕಳದ ಹಲ್ಲು. ಇಷ್ಟು ನಯವಾಗಿ ಕೆತ್ತಿದ ಕೈ ಇಕ್ಕಳದಲ್ಲಿ ಹಿಡಿದು ತಿರುಚುತ್ತದೆಯೇ? ಸಾಧ್ಯವೇ ಇಲ್ಲ! ಬೇರೆ ಯಾರೋ ಮಾಡಿದ್ದು. ಅಂದರೆ ಇದು ಹಿಂದೊಮ್ಮೆಯೂ ಬಿಚ್ಚಿಕೊಂಡಿತ್ತು, ಯಾರೋ ತಿಳಿಯದವರು ಎಳೆದಾಡಿ ಬಗ್ಗಿಸಿದ್ದರು. ಹಾಗಾದರೆ ಮೊದಲು ಏನಾಗಿತ್ತು? ಕಿವಿಗಳ ಬೆನ್ನನ್ನು ಬೆರಳಲ್ಲಿ ಸವರಿದಳು. ಕನ್ನಡಿಯಷ್ಟು ನುಣುಪು, ವರ್ಷಾನುಗಟ್ಟಲೆ ಯಾರೋ ಪ್ರೀತಿಯಿಂದ ಸವರಿ ಸವರಿ ಸವೆದ ನುಣುಪು. ಕಿವಿಯ ತುದಿ ಅಡಗುವಷ್ಟಕ್ಕೆ ಸರಿಯಾಗಿ ಬೆನ್ನ ಮೇಲೊಂದು ತಗ್ಗು. ಹೊಟ್ಟೆಯಡಿಗೆ ಮಡಿಸಲೆಂದೇ ಬಿಟ್ಟ ಉದ್ದನೆಯ ಹಿಂಗಾಲು.

"ರೀ! ರೀ, ಬನ್ರೀ ಇಲ್ಲಿ!" ಕೂಗಿದ ಕೂಗಿಗೆ ಕೆಳಗಿನ ಗಡಿಯಾರದವನೂ ಓಡಿಬಂದ. "ನಾಯಿ ಅಲ್ಲ ಕಣ್ರೀ ಇದು, ಮೊಲ! ಕಿವಿ ಬೆನ್ನಿಗೆ ಒರಗಿಸಿಕೊಂಡು ಮುದುರಿ ಕೂತ ಮೊಲ!"

ಗಂಡ ಆ ಚಪ್ಪಟೆ ತುಣುಕನ್ನು ನೋಡಿದ, ಹೆಂಡತಿಯನ್ನು ನೋಡಿದ. "ಅವಳು ಕೇಳಿರೋದು ನಾಯಿ ತಾನೇ?"

ಹೌದು. ಅದೇ ಪೇಚು. ಅತ್ತೆಗೆ ಗೊತ್ತಿರುವುದು ನಾಯಿ, ಸೊಸೆಯ ಮರ್ಯಾದೆ ಉಳಿಯಬೇಕಾದರೆ ನಾಯಿಯೇ ಬೇಕು, ಮಾತು ಕೊಟ್ಟದ್ದೂ ನಾಯಿಗೆ. ಎರಡು ದಿನ ಕೊಂಬಕ್ಕ ತನ್ನನ್ನು ತಾನೇ ಬೈದುಕೊಂಡಳು: ನಿನಗ್ಯಾಕೆ ಊರ ಉಸಾಬರಿ, ಕೇಳಿದ್ದು ಮಾಡಿ ಕೊಟ್ಟು ಕೈ ತೊಳೆದುಕೋ. ಶನಿವಾರ ಕಾದ ಎಣ್ಣೆಯಲ್ಲಿ ತುಣುಕನ್ನು ಮೆತ್ತಗೆ ಮಾಡಿದಳು. ಹೊರತೆಗೆದ ಮೇಲೆ ಕೊಂಬು ಮಾತು ಕೇಳುವುದು ನಾಲ್ಕು ಉಸಿರಿನಷ್ಟು ಹೊತ್ತು. ಬೆನ್ನು ದುಂಡಗಾಯಿತು, ಹಿಂಗಾಲು ಹೊಟ್ಟೆಯಡಿಗೆ ಸರಿಯಿತು. ಇನ್ನು ಕಿವಿ. ಕೆಳಗೆ ಜೋತುಬಿಡಬೇಕು, ನಾಯಿಯ ಹಾಗೆ. ಕೈ ಕೇಳಲಿಲ್ಲ! ಎರಡು ಹೆಬ್ಬೆರಳೂ ಕಿವಿಗಳನ್ನು ಹಿಂದಕ್ಕೆ ಒತ್ತಿದವು, ತುದಿಗಳು ತಗ್ಗಿನಲ್ಲಿ ಹೋಗಿ ಕೂತವು. ಕೂದಲೆಳೆ ಸಂದಿಲ್ಲ! ಕೊಂಬಕ್ಕ ಹಾಗೇ ಹಿಡಿದುಕೊಂಡು ನಿಂತಳು. ಕಣ್ಣಲ್ಲಿ ನೀರು ಬಂತು. ಅಷ್ಟು ಚಂದ, ಈಗಷ್ಟೇ ಹುಲ್ಲಿನೊಳಗಿಂದ ಎತ್ತಿಕೊಂಡ ಹಾಗಿತ್ತು.

ಭಾನುವಾರ ಸೊಸೆ ಬಂದಳು. ಕೊಂಬಕ್ಕ ಕುಣಿಯುವುದೊಂದು ಬಾಕಿ, ಅಂಗೈ ತೆರೆದು ತೋರಿಸಿದಳು. ಸೊಸೆಯ ಮುಖದ ರಕ್ತ ಇಳಿದುಹೋಯಿತು.

"ನಾಯಿ ಎಲ್ಲಿ?"

"ಅದು ನಾಯಿ ಆಗಿರಲೇ ಇಲ್ಲ ಕಣೇ, ಇಲ್ಲಿ ನೋಡು, ಈ ತಗ್ಗು..."

"ತಗ್ಗು ಕಟ್ಟಿಕೊಂಡು ನಾನೇನ್ಮಾಡ್ಲಿ ಅಕ್ಕಾ? ಮಧ್ಯಾಹ್ನದ ಬಸ್ಸಿಗೆ ಬರ್ತಾರೆ! ನನ್ನ ನಾಯಿ ಏನಾಯ್ತು ಅಂತ ಕೇಳಿದ್ರೆ ಮೊಲ ಆಯ್ತು ಅನ್ನಲಾ? ನಿಮಗೆ ನಿಮ್ಮ ಕೆಲಸದ ಹುಚ್ಚು, ಮನೆ ಒಡೆಯೋದು ನಂದು!"

ಕೊಂಬಕ್ಕನಿಗೆ ನಾಚಿಕೆಯಾಯಿತು. ತಪ್ಪು ತನ್ನದೇ, ಎರಡು ಮಾತಿಲ್ಲ. "ಕಿವಿ ಬುಡದಲ್ಲಿ ಹಳೇ ಸೀಳಿದೆ" ಅಂದಳು ಮೆಲ್ಲಗೆ. "ಇನ್ನೊಂದು ಸಲ ತಿರುಚಿದ್ರೆ ಮುರಿದರೂ ಮುರೀಬಹುದು. ಆದ್ರೂ ಮಾಡ್ಲಾ?"

"ಮಾಡಿ."

ಕೊಂಬಕ್ಕ ಒಲೆ ಹಚ್ಚಿದಳು. ಎಣ್ಣೆ ಕಾಯಿತು. ಮೊಲವನ್ನು ಚಿಮಟದಲ್ಲಿ ಎತ್ತಿ ಬಾಣಲೆಯ ಮೇಲಕ್ಕೆ ತಂದಿದ್ದಳು, ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು.

"ಏನು ಕೆಟ್ಟ ನಾತಾನಪ್ಪಾ ಇದು!" ಬಾಗಿಲಲ್ಲಿ ಕೈಕೋಲು ಹಿಡಿದ ಮುದುಕಿ. "ಬೆಳಗಿನ ಬಸ್ಸೇ ಸಿಕ್ತು. ನನ್ನ ಬ್ರೋಚೆಲ್ಲೋ ಅಂದೆ. ಕೊಂಬಿನ ಅಂಗಡಿಗೆ ಇವಳು ತಗೊಂಡು ಹೋದಳು ಅಂದ ನನ್ನ ಮಗ. ಏನು ನಡೀತಿದೆ ಇಲ್ಲಿ?"

ಸೊಸೆ ಗೋಡೆಗೆ ಅಂಟಿಕೊಂಡಳು. ಮುದುಕಿ ಸೀದಾ ಮೇಜಿನ ಹತ್ತಿರ ಬಂದು ಕೈ ಚಾಚಿದಳು. ಕೊಂಬಕ್ಕ ಬೇರೆ ದಾರಿ ಕಾಣದೆ ಮೊಲವನ್ನು ಆ ಅಂಗೈಯಲ್ಲಿಟ್ಟಳು.

ಮುದುಕಿ ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳು ತಾನಾಗಿ ಹೋಗಿ ಕಿವಿಗಳ ಬೆನ್ನನ್ನು ಸವರಿತು, ಒಮ್ಮೆ, ಮತ್ತೊಮ್ಮೆ. ಕೈಕೋಲು ಜಾರಿ ಬಿತ್ತು, ಯಾರೂ ಎತ್ತಲಿಲ್ಲ. ಮುದುಕಿ ಸ್ಟೂಲಿನ ಮೇಲೆ ಕೂತಳು.

"ನಮ್ಮತ್ತೆ ಹೀಗೇ ಸವರ್ತಾ ಕೂರ್ತಿದ್ರು" ಅಂದಳು. "ಮೊಲಾನ ಯಾರು ಕರಕೊಂಡು ಬಂದ್ರು?"

ಇಕ್ಕಳ ಹಿಡಿದ ಕೈ ಯಾರದೆಂದು ಕೊಂಬಕ್ಕನಿಗೆ ತಿಳಿದುಹೋಯಿತು. ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲಿಟ್ಟಳು.

ಮುದುಕಿ ಸೊಸೆಯ ಕಡೆ ತಿರುಗಿದಳು. "ಕುದಿಯೋ ನೀರಿಗೆ ಹಾಕಿದ್ಯಾ?"

ಸೊಸೆ ತಲೆಯಾಡಿಸಿದಳು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ನಾನು ಸೋಡಾ ಬೇರೆ ಹಾಕಿದ್ದೆ" ಅಂದಳು ಮುದುಕಿ. "ಕಳೆದುಹೋಯ್ತು ಅಂತ ಹೇಳಿಬಿಟ್ಟೆ ನಮ್ಮತ್ತೆ ಹತ್ತಿರ. ಹಾಸಿಗೆ ಹಿಡಿದ ಮೇಲೂ ಕೇಳ್ತಾನೇ ಇದ್ರು, ನನ್ನ ಮೊಲ ಸಿಕ್ತೇನಮ್ಮಾ ಅಂತ. ನನ್ನ ಪೆಟ್ಟಿಗೆ ತಳದಲ್ಲೇ ಇತ್ತು. ಅವರು ಹೋದ ಮೇಲೆ ಹೊರಗೆ ತೆಗೆದು, ಇಕ್ಕಳದಲ್ಲಿ ಹೇಗೋ ಬಗ್ಗಿಸಿ, ನಾಯಿ ಅಂದೆ."

ಎಣ್ಣೆ ಒಲೆಯ ಮೇಲೆ ಸುಮ್ಮನೆ ಕಾಯುತ್ತಿತ್ತು, ಕೊಂಬಕ್ಕನ ಗಂಡ ಬಂದು ಒಲೆ ಆರಿಸಿದ.

"ನನ್ನ ಕಂಡ್ರೆ ಅಷ್ಟೊಂದು ಭಯಾನೇನೇ ನಿನಗೆ?"

"ಹೌದತ್ತೆ."

ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸೊಸೆಯ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡಳು. "ನೀನು ವಾರದೊಳಗೇ ಸಿಕ್ಕಿಬಿದ್ದೆಯಲ್ಲೇ" ಅಂದಳು, "ಪುಣ್ಯ ಮಾಡಿದ್ದೀಯ."