ಅಜ್ಜ ಗುರುತು ಹಿಡಿದ ಸೈಕಲ್

ರಾಮಗಿರಿಯ ಚಹಾ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಕೂತಿದ್ದೆವು. ಕಂಬಳಿ ಹೊದ್ದ ಕುರಿ ಕಾಯುವ ಅಜ್ಜನೊಬ್ಬ ನೇರವಾಗಿ ಬಂದು ಗೆಳೆಯ ತಿಪ್ಪೇಸ್ವಾಮಿಯ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಪಕ್ಕದಲ್ಲೇ ಮಿರಮಿರ ಮಿನುಗುತ್ತಿದ್ದ ನನ್ನ ಕೆಂಪು ಸೈಕಲ್ಲಿನತ್ತ ತಿರುಗಿಯೂ ನೋಡಲಿಲ್ಲ.

"ಇದು ಮೊದ್ಲು ನಂದೇ ಆಗಿತ್ತು ಕಣಪ್ಪ! ಕುರಿಮರಿ ಕೂರ್ಸಾಕೆ ಅಂತ ಕ್ಯಾರಿಯರ್‌ಗೆ ಈ ಕಂಬಿ ನಾನೇ ಬೆಸುಗೆ ಹಾಕ್ಸಿದ್ದೆ. ಇನ್ನೂ ಐತೆ ನೋಡು!" ಎಂದ ಅಜ್ಜನ ಕಣ್ಣು ತುಂಬಿತ್ತು.

ಹಳೆಯ ಸೈಕಲ್ ಸರಿಮಾಡುವ ಹೊಸ ಹುಚ್ಚು ಹತ್ತಿ, ನಾವಿಬ್ಬರೂ ಹೊಳಲ್ಕೆರೆಯ ಒಂದೇ ಗುಜರಿ ಅಂಗಡಿಯಿಂದ ಒಂದೇ ದಿನ ತಂದ ಸೈಕಲ್‌ಗಳವು. ತಿಪ್ಪೇಸ್ವಾಮಿ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಕೆಟ್ಟಿದ್ದನ್ನಷ್ಟೇ ಸರಿ ಮಾಡಿದ್ದ. ನಾನಾದರೋ ಹ್ಯಾಂಡಲ್, ಸೀಟು, ಮಡ್ಗಾರ್ಡ್ ಎಲ್ಲ ಕಿತ್ತು ಹೊಸದು ಹಾಕಿ, ಅವನದನ್ನು ಮುದಿ ಎತ್ತು ಎಂದು ಆಡಿಕೊಂಡಿದ್ದೆ.

"ಒಂದ್ ರೌಂಡ್ ಹೊಡ್ಕಂಡ್ ಬರ್ರಿ ಅಜ್ಜ" ಎಂದ ತಿಪ್ಪೇಸ್ವಾಮಿ. ಅಜ್ಜ ಕಂಬಳಿ ಹೆಗಲಿಗೇರಿಸಿ ರೈಲ್ವೆ ಸ್ಟೇಷನ್‌ವರೆಗೂ ತುಳಿದು, ಬಾಯ್ತುಂಬ ನಗುತ್ತಾ ಮರಳಿದ. ಅಂಗಡಿಯಲ್ಲಿದ್ದವರೆಲ್ಲ ತಿಪ್ಪೇಸ್ವಾಮಿಯ ಬೆನ್ನು ತಟ್ಟಿದರು. ನಾನು ಚಹಾ ಲೋಟ ಕೆಳಗಿಟ್ಟೆ. ತಡೆಯಲಾರದೆ, "ಅಜ್ಜ, ನನ್ ಸೈಕಲ್ ಮೊದ್ಲು ಯಾರ್ದಿತ್ತು ಹೇಳ್ರಿ ನೋಡಾಣ" ಎಂದೆ.

ಅಜ್ಜ ಅದನ್ನು ಒಂದು ಸುತ್ತು ಬಂದು, "ಇದು ಹೊಸದಲ್ಲೇನಪ್ಪ?" ಎಂದ. ಬೇರೆ ದಿನವಾಗಿದ್ದರೆ ಆ ಮಾತಿಗೆ ಹಿಗ್ಗಿಬಿಡುತ್ತಿದ್ದೆ.

ಮರುದಿನವೇ, ನಾನು ಕಿತ್ತು ಕೊಟ್ಟಿದ್ದ ಹಳೆಯ ಭಾಗಗಳನ್ನು ಕೇಳಿಕೊಂಡು ಗುಜರಿ ಅಂಗಡಿಗೆ ಓಡಿದೆ. ಅವು ಯಾವಾಗಲೋ ಲಾರಿ ಹತ್ತಿ ಹೋಗಿದ್ದವು. ತಿಪ್ಪೇಸ್ವಾಮಿಯ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.