ಬಿತ್ತಿದ್ದು ಯಾರೆಂದು ಬೋರ್ಡ್ ಬರೆದ ದಿನ

ಹೋದ ವಾರ ಹುಲಿಕೆರೆಯಿಂದ ಬಂದವರೊಬ್ಬರು ಅರಸೀಕೆರೆಯ ನಮ್ಮ ಮನೆಗೆ ಐದು ಸೇರು ರಾಗಿ ಕೊಟ್ಟು ಹೋದರು. ಚೀಲದ ಬಾಯಿ ಬಿಚ್ಚಿದೆ, ಅಷ್ಟೆ. ಒಣಗಿದ ಲಕ್ಕಿ ಸೊಪ್ಪಿನ ಕಟು ವಾಸನೆ ಮೂಗಿಗೆ ಹೊಡೆಯಿತು. ಹುಳ ಬೀಳದಿರಲಿ ಅಂತ ಕಾಳಿನ ನಡುವೆ ಈ ಸೊಪ್ಪು ಹಾಕಿಡುವುದು ನಮ್ಮ ಕಡೆಯ ವಾಡಿಕೆ. ನಾನು ಅಡುಗೆಮನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮಂಡಿನೋವಿನವಳು ಹಾಗೆ ಕೂರಬಾರದು ಅಂತ ಡಾಕ್ಟರು ಹೇಳಿದ್ದಾರೆ. ಹೇಳಲಿ. ಆ ವಾಸನೆ ನಮ್ಮ ಪಕ್ಕದ ಮನೆಯ ಅತ್ತೆಯದು...

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ಸೋದರತ್ತೆಯೂ ಅಲ್ಲ. ನಾನು ಹುಲಿಕೆರೆಯ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗೆ ಹಿಡಿದ ಮನೆಗೂ ಅವರ ಮನೆಗೂ ಒಂದೇ ಗೋಡೆ. ಊರಿಗೆ ಊರೇ ಅವರನ್ನು ‘ಬಿತ್ತೋ ಅತ್ತೆ’ ಅನ್ನುತ್ತಿತ್ತು. ನಾನೂ ಅತ್ತೆ ಎಂದೆ. ಇಪ್ಪತ್ತೆಂಟು ವರ್ಷ ಹಾಗೇ ಕರೆದೆ.

ಈಗಿನವರಿಗೆ ಕೂರಿಗೆ ಎಂದರೆ ಏನು ಅಂತ ಬಿಡಿಸಿ ಹೇಳಬೇಕು. ಒಂದು ಉದ್ದನೆಯ ಮರದ ದಿಂಡು, ಅದಕ್ಕೆ ನೆಲ ಸೀಳುವ ಎಂಟು ಹಲ್ಲು. ಒಂದೊಂದು ಹಲ್ಲಿನಿಂದ ಒಂದೊಂದು ಬಿದಿರಿನ ಕೊಳವೆ ಮೇಲಕ್ಕೆ ಬಂದು, ಎಂಟೂ ಸೇರಿ ಒಂದು ಮರದ ಬಟ್ಟಲಿನ ತಳದ ತೂತುಗಳಿಗೆ ಕೂಡುತ್ತವೆ. ಎತ್ತು ಎಳೆಯುತ್ತಿದ್ದ ಹಾಗೆ ಒಬ್ಬರು ಜೊತೆಜೊತೆಗೆ ನಡೆಯುತ್ತ ಆ ಬಟ್ಟಲಿಗೆ ರಾಗಿ ಬಿಡಬೇಕು. ಅದೇನು ಮಹಾ, ಯಾರು ಬೇಕಾದರೂ ಬಿಡಬಹುದು ಅಂತ ನಾನೂ ಅಂದುಕೊಂಡಿದ್ದೆ. ರಾಗಿ ಸಾಸಿವೆಯಷ್ಟು ಕಾಳು. ಮುಷ್ಟಿ ಸ್ವಲ್ಪ ಸಡಿಲವಾದರೆ ಪೈರು ಗುಪ್ಪೆ ಗುಪ್ಪೆ, ಸ್ವಲ್ಪ ಬಿಗಿಯಾದರೆ ಸಾಲಿಗೆ ಸಾಲೇ ಬೋಳು. ಅತ್ತೆಯ ಕೈಯಿಂದ ಕಾಳು ಇಳಿಯುತ್ತಿದ್ದುದನ್ನು ಏನಂತ ಹೇಳಲಿ... ಹೆಬ್ಬೆರಳು ಮಾತ್ರ ತೋರುಬೆರಳಿನ ಮೇಲೆ ಮೆಲ್ಲಗೆ ಆಡುತ್ತಿತ್ತು. ಉಳಿದ ಮೈ ಎತ್ತಿನ ಹೆಜ್ಜೆಗೆ ಸರಿಯಾಗಿ ನಡೆಯುತ್ತಿತ್ತು.

ಬಿತ್ತುವಾಗ ಅವರು ಬಾಯಿ ಬಿಡುತ್ತಿರಲಿಲ್ಲ. ನಾನು ಊರಿಗೆ ಹೊಸಬಳು. ಒಂದು ಬೆಳಿಗ್ಗೆ ಶಾಲೆಗೆ ಹೋಗುತ್ತ ಬದುವಿನ ಮೇಲೆ ನಿಂತು, “ಅತ್ತೆ, ಕಾಫಿ ಆಯ್ತಾ?” ಎಂದು ಕೂಗಿದೆ. ತಿರುಗಿಯೂ ನೋಡಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಒಂದು ತಟ್ಟೆ ಹುರುಳಿಕಾಳಿನ ಉಸಲಿ ತಂದಿಟ್ಟು, “ಮಾತಾಡುದ್ರೆ ಉಸ್ರು ತಪ್ತೈತೆ, ಉಸ್ರು ತಪ್ಪುದ್ರೆ ಕೈ ತಪ್ತೈತೆ ಕಣವ್ವ. ಸಾಲು ಮುಗ್ದ ಮ್ಯಾಲೆ ಕರೀಬೇಕು,” ಎಂದರು. ಉಸಲಿ ತಿಂದೆ, ಸಿಟ್ಟು ಇಳಿಯಿತು.

ಅವರ ಗಂಡ ತೀರಿಕೊಂಡ ವರ್ಷ ಊರಿನ ನಾಲ್ಕು ಹಿರಿಯರು ಕೂತು, ಇನ್ನು ಆಕೆ ಬಿತ್ತನೆಯ ಕಾಳು ಮುಟ್ಟುವುದು ಬೇಡ, ಒಳ್ಳೆಯದಲ್ಲ ಎಂದರು. ಅವರ ಮಾವ, ಅಂದರೆ ಗಂಡನ ಅಪ್ಪನೂ ಹೂಂ ಎಂದ. ಆ ಸಲ ಅವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಟ್ಟಲಿಗೆ ಕಾಳು ಬಿಟ್ಟಳು. ಪಾಪ, ಆಕೆಯ ತಪ್ಪೇನೂ ಇಲ್ಲ. ಹದಿನೈದು ದಿನಕ್ಕೆ ಪೈರು ಎದ್ದಿತು ನೋಡಿ, ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೂ ಕಾಣುವ ಹಾಗೆ ಅರ್ಧ ಹೊಲ ಬೋಳು, ಇನ್ನರ್ಧ ಗುಪ್ಪೆ ಗುಪ್ಪೆ. ಅತ್ತೆ ದಿನಾ ಬೆಳಿಗ್ಗೆ ಆ ಹೊಲದ ಮುಂದೆ ನಡೆದುಹೋಗಿ, ತಲೆ ಎತ್ತಿಕೊಂಡು ವಾಪಸ್ಸು ಬರುತ್ತಿದ್ದರು. ಮಾರನೆಯ ವರ್ಷ ಮಾವನೇ ಬಟ್ಟಲು ಹಿಡಿದುಕೊಂಡು ಬಂದು ಅವರ ಕೋಣೆಯ ಬಾಗಿಲಲ್ಲಿ ನಿಂತ. “ಬಾರವ್ವ, ತಪ್ಪಾಯ್ತು.” ಆ ಹಿರಿಯರೂ ಆಮೇಲೆ ಅಡ್ಡ ಬರಲಿಲ್ಲ. ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡು, ಒಬ್ಬಳೇ ಕುಣಿಯುವುದೊಂದು ಬಾಕಿ.

ಆಮೇಲೆ ಟ್ರ್ಯಾಕ್ಟರ್ ಬಂತು. ಎತ್ತು ಹೋದವು, ಮಾವನೂ ಹೋದ. ಕೂರಿಗೆ ಕೊಟ್ಟಿಗೆಯ ಅಟ್ಟ ಸೇರಿತು. ಅರಸೀಕೆರೆ ಕಡೆಯ ರಸ್ತೆಯಲ್ಲಿ, ಹಳೆಯ ಅಕ್ಕಿ ಗಿರಣಿಯೊಂದರಲ್ಲಿ, ಯಾರೋ ನಾಲ್ಕು ಜನ ಸೇರಿ ರೈತರ ಮ್ಯೂಸಿಯಂ ಮಾಡುತ್ತಿದ್ದಾರೆ ಎಂದು ಕೇಳಿ ಅತ್ತೆಯ ಮೈದುನ ಅದನ್ನು ಅಲ್ಲಿಗೆ ಕೊಟ್ಟುಬಿಟ್ಟ. ಅತ್ತೆಗೆ ಒಂದು ಮಾತು ಹೇಳಲಿಲ್ಲ. ಕೆಟ್ಟವನಲ್ಲ ಅವನು. ಕೇಳಬೇಕೆಂದು ಹೊಳೆಯಲಿಲ್ಲ, ಅಷ್ಟೆ. ಮ್ಯೂಸಿಯಂ ಇರುವ ಊರಿನ ಹೆಸರು ನಾನು ಹೇಳುವುದಿಲ್ಲ. ಯಾಕೆಂದರೆ ಅಲ್ಲಿನವರು ಮಾಡಿದ ಯಡವಟ್ಟನ್ನು ಈಗ ಹೇಳಬೇಕಾಗಿದೆ.

ನನಗೆ ನಿವೃತ್ತಿಯಾದ ವರ್ಷ ನಮ್ಮೂರಿನ ಮಹಿಳಾ ಸಂಘದವರು ಒಂದು ದಿನದ ಟ್ರಿಪ್ ಹೊರಟೆವು. ಎಲ್ಲಿಗೆ ಎಂಬ ಚರ್ಚೆ ಬಂತು. ಬೇಲೂರು ಎಂದರೆ ಎಲ್ಲರಿಗೂ ಆಕಳಿಕೆ. ಬಂದ ನೆಂಟರನ್ನೆಲ್ಲ ಗುಡಿಗೆ ಕರೆದುಕೊಂಡು ಹೋಗಿ ಹೋಗಿ ನಮಗೆ ಅಲ್ಲಿನ ಒಂದೊಂದು ಮೆಟ್ಟಿಲೂ ಬಾಯಿಪಾಠ. ಆ ರೈತರ ಮ್ಯೂಸಿಯಂಗೇ ಹೋಗೋಣ ಎಂದೆ. ಅತ್ತೆ ಸಂಘಕ್ಕೆ ಸೇರಿದವರಲ್ಲ. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ವ್ಯಾನಿನ ಹತ್ತಿರ ನಿಂತಿದ್ದರು. ಸೆರಗಿನ ತುದಿಯಲ್ಲಿ ಒಂದು ಗಂಟು. ಏನು ಅಂತ ಕೇಳಿದೆ. “ಬಿತ್ತನೆ ರಾಗಿ. ಕೂರಿಗೆ ಮುಂದುಕ್ಕೆ ಬರಿಗೈಲಿ ಹೋಗ್ಬಾರ್ದು ಕಣವ್ವ,” ಎಂದರು. ಲಕ್ಕಿ ಸೊಪ್ಪು ಘಮ್ಮೆಂದಿತು.

ಗಿರಣಿಯೊಳಗೆ ಹೋದ ಮೇಲೆ ನಮ್ಮವರ ಸಂಭ್ರಮ ನೋಡಬೇಕಿತ್ತು. ನೇಗಿಲು, ಕುಂಟೆ, ಕಣದ ರೋಣಗಲ್ಲು, ಎತ್ತಿನ ಗೆಜ್ಜೆ, ಮಂಕರಿ... ಒಂದೊಂದರ ಮೇಲೂ ಒಂದೊಂದು ದೀಪ. “ಅಯ್ಯೋ, ನಮ್ಮನೇಲಿ ಕೋಳಿ ಮುಚ್ಚೋ ಮಂಕರಿಗೂ ಲೈಟ್ ಹಾಕವ್ರೆ ಕಣೇ!” ಎಂದು ಸಂಘದ ಅಧ್ಯಕ್ಷೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ನಗುತ್ತಲೇ ಎಲ್ಲರ ನಡಿಗೆ ಬದಲಾಗಿತ್ತು. ಹೊಯ್ಸಳರ ಗುಡಿಯಲ್ಲಿ ನಾವು ಬಂದುಹೋಗುವ ಜನ. ಇಲ್ಲಿ ಎಲ್ಲವೂ ನಮ್ಮದೇ ಕೈಯಲ್ಲಿ ಸವೆದ ಸಾಮಾನು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಅತ್ತೆ ಮಾತ್ರ ಯಾವುದನ್ನೂ ನೋಡದೆ ನೇರ ಕೂರಿಗೆಯ ಮುಂದೆ ಹೋಗಿ ನಿಂತಿದ್ದರು. ಅದಕ್ಕೆ ಫಳಫಳ ಹೊಳೆಯುವ ಹಾಗೆ ವಾರ್ನಿಷ್ ಹೊಡೆದಿದ್ದರು. ಪಕ್ಕದಲ್ಲಿ ಒಂದು ಬೋರ್ಡು. “ಏನಂತ ಬರ್ದವ್ರೆ, ಓದವ್ವ,” ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಕಣ್ಣಲ್ಲೇ ಒಂದು ಸಲ ಓದಿಕೊಂಡೆ. ಸುಳ್ಳು ಓದಿಬಿಡಲೇ ಅನ್ನಿಸಿತು, ನಿಜ. ಆದರೆ ಟೀಚರಾಗಿದ್ದವಳ ಬಾಯಿ, ಇದ್ದದ್ದನ್ನು ಇದ್ದ ಹಾಗೇ ಓದಿತು. ಕೂರಿಗೆ ಕೊಟ್ಟವರು ಎಂದು ಮೈದುನನ ಹೆಸರಿತ್ತು. ಅದರ ಕೆಳಗೆ, ‘ಇವರ ತಂದೆಯವರು ಈ ಕೂರಿಗೆಯಲ್ಲಿ ನಲವತ್ತು ವರ್ಷ ಬಿತ್ತನೆ ಮಾಡಿದ್ದಾರೆ.’

“ಇನ್ನೊಂದ್ಸಲ ಓದು.”

ಓದಿದೆ. ಅತ್ತೆ ಬಗ್ಗಿ ಕೂರಿಗೆಯನ್ನು ಒಂದು ಸುತ್ತು ನೋಡಿದರು. ಆಮೇಲೆ ಅಲ್ಲೇ ಇದ್ದ ಮ್ಯಾನೇಜರನ್ನು ಕರೆದರು. ಮೂವತ್ತರ ಆಸುಪಾಸಿನ ಮನುಷ್ಯ, ಉಸ್ತುವಾರಿಯಲ್ಲಿ ಕಟ್ಟುನಿಟ್ಟು. “ಎತ್ತು ಹೊಡ್ದಿದ್ದು ನಮ್ಮಾವ ಕಣಪ್ಪ. ಬಿತ್ತಿದ್ದು ನಾನು,” ಎಂದರು.

“ಹಂಗಂತ ಬಂದೋರೆಲ್ಲ ಹೇಳ್ತಾರೆ ಅಜ್ಜಿ. ಕೊಟ್ಟೋರು ಏನು ಬರ್ಸಿದ್ರೋ ಅದನ್ನ ಹಾಕಿದೀವಿ.”

“ಹೇಳಲ್ಲ ಬುಡು, ತೋರುಸ್ತೀನಿ. ಮೊದ್ಲು ಇದನ್ನ ಬಿಚ್ಬೇಕು. ಕೊಳ್ವೆ ಅದಲು ಬದಲಾಗವೆ. ಹಗ್ಗ ಕಟ್ಟೋ ಕಡೆ ಮೊಳೆ ಹೊಡ್ದಿದ್ದೀರ. ಬಟ್ಲು ವಾರೆ ಕುಂತೈತೆ. ಇದ್ರಲ್ಲಿ ಬಿತ್ತುದ್ರೆ ಮೂರು ಸಾಲು ಹುಟ್ಟಾಕಿಲ್ಲ.”

“ಇದು ನೋಡೋಕೆ ಇಟ್ಟಿರೋದು ಅಜ್ಜಿ, ಬಿತ್ತೋಕಲ್ಲ. ಮುಟ್ಬೇಡಿ.”

“ತಪ್ಪು ಕಟ್ಟಿಟ್ರೆ ನೋಡೋರು ಏನ್ ನೋಡ್ಬೇಕಪ್ಪ?”

ಮ್ಯಾನೇಜರು ಕೂರಿಗೆಗೆ ಅಡ್ಡ ನಿಂತ. ಅಷ್ಟರಲ್ಲಿ ನಮ್ಮ ಹದಿನಾಲ್ಕು ಜನ ಹೆಂಗಸರೂ ಸುತ್ತುವರಿದಾಗಿತ್ತು. ನಾನು ಶಾಲೆಯಲ್ಲಿ ಗಲಾಟೆ ಅಡಗಿಸುತ್ತಿದ್ದ ದನಿ ತೆಗೆದು, “ಒಂದು ಇಕ್ಕಳ ತಗೊಂಡು ಬನ್ನಿ,” ಎಂದೆ. ತಂದ! ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತು.

ಅತ್ತೆ ನೆಲದ ಮೇಲೆ ಕೂತು ಒಂದೊಂದೇ ಮೊಳೆ ಕೀಳಿಸಿದರು. ಬಟ್ಟಲಿನ ತೂತುಗಳಲ್ಲಿ ವಾರ್ನಿಷ್ ಕಟ್ಟಿಕೊಂಡಿತ್ತು. ನನ್ನ ತಲೆಯ ಪಿನ್ನು ಕಿತ್ತುಕೊಂಡು ಎಂಟನ್ನೂ ಕೆರೆದರು. ಮ್ಯಾನೇಜರು ಪ್ಲಾಸ್ಟಿಕ್ ಹಗ್ಗ ತಂದರೆ, ಜಾರುತ್ತದೆ ಎಂದು ತಳ್ಳಿಬಿಟ್ಟರು. ಅರಸೀಕೆರೆ ಸೀಮೆಯಲ್ಲಿ ತೆಂಗಿನ ನಾರಿನ ಹಗ್ಗಕ್ಕೇನು ಬರ, ಪಕ್ಕದ ಮನೆಯಿಂದಲೇ ಬಂತು. ಕೊಳವೆಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಹಗ್ಗ ಬಿಗಿದು, ಕಣ್ಣು ಕಿರಿದು ಮಾಡಿ ಬಟ್ಟಲಿನ ಮಟ್ಟ ನೋಡಿದರು. ಆಮೇಲೆ, “ಆ ಜಮಖಾನ ಹಾಸ್ರವ್ವ,” ಎಂದರು.

ಸಭೆಗೆಂದು ಸುತ್ತಿಟ್ಟಿದ್ದ ಉದ್ದನೆಯ ಕೆಂಪು ಜಮಖಾನ ಹಾಸಿದೆವು. ಹಲ್ಲು ನೆಲಕ್ಕೆ ತಾಗದ ಹಾಗೆ ಆ ಕಡೆ ಇಬ್ಬರು, ಈ ಕಡೆ ಇಬ್ಬರು ಕೂರಿಗೆಯನ್ನು ಒಂದು ಬೆರಳಷ್ಟು ಎತ್ತಿ ಹಿಡಿದರು. ಅಧ್ಯಕ್ಷೆ, “ನಾನೇ ಎತ್ತು ಕಣ್ರೇ, ನಮ್ಮೆಜಮಾನ್ರು ಯಾವಾಗ್ಲೂ ಹಂಗೇ ಅಂತಾರೆ,” ಎಂದು ನೊಗಕ್ಕೆ ಕಟ್ಟುವ ಮುಂದಿನ ಉದ್ದ ಮರ, ಆ ಈಸನ್ನು ಹಿಡಿದಳು. ಎಲ್ಲರೂ ಗೊಳ್ಳೆಂದರು. ಅತ್ತೆ ಸೆರಗಿನ ಗಂಟು ಬಿಚ್ಚಿ, ಮುಷ್ಟಿ ತುಂಬ ರಾಗಿ ಹಿಡಿದು ಕಣ್ಣಿಗೊತ್ತಿಕೊಂಡರು. ಯಾರೂ ಹೇಳದೆಯೇ ಎಲ್ಲರ ಬಾಯಿ ಮುಚ್ಚಿತು.

ಹತ್ತು ಹನ್ನೆರಡು ಹೆಜ್ಜೆ, ಅಷ್ಟೇ. ಗಿರಣಿಯಲ್ಲಿ ಕೊಳವೆಯೊಳಗೆ ಕಾಳು ಜಾರುವ ಸರಸರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಂಬತ್ತಕ್ಕೆ ಹತ್ತಿರವಾದ ಕೈ ಅದು, ಸ್ಟೀಲ್ ಲೋಟ ಹಿಡಿದರೆ ನಡುಗುತ್ತಿತ್ತು. ಬಟ್ಟಲಿನ ಮೇಲೆ ನಡುಗಲಿಲ್ಲ. ಕೂರಿಗೆ ಆ ತುದಿ ಮುಟ್ಟಿದಾಗ ಹಿಂದೆ ತಿರುಗಿ ನೋಡಿದೆವು. ಕೆಂಪು ಜಮಖಾನದ ಮೇಲೆ ರಾಗಿಯ ಎಂಟು ಗೆರೆ. ಎಲ್ಲೂ ಗುಪ್ಪೆಯಿಲ್ಲ, ಎಲ್ಲೂ ಬೋಳಿಲ್ಲ. ಯಾರೋ ಶಿಳ್ಳೆ ಹೊಡೆದರು. ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ.

ಮ್ಯಾನೇಜರು ಮಂಡಿಯೂರಿ, ಬೆರಳಿಟ್ಟು, ಒಂದೊಂದೇ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಎದ್ದವನು ಹಳೆಯ ಬೋರ್ಡು ತೆಗೆದು, ಹೊಸ ಹಲಗೆಯೊಂದನ್ನೂ ಬಣ್ಣ, ಕುಂಚವನ್ನೂ ತಂದು ನನ್ನ ಕೈಗೆ ಕೊಟ್ಟ. “ನೀವೇ ಬರೀರಿ ಮೇಡಂ. ಹಾಕ್ಬೇಕು ಅಲ್ವಾ ಅಜ್ಜಿ, ನಿಮ್ಮ ಹೆಸ್ರು?”

“ಹಾಕು. ದೊಡ್ಡದಾಗಿ ಹಾಕು,” ಎಂದರು ಅತ್ತೆ. ಬೇಡ ಬಿಡಿ, ನಂದೇನು ಮಹಾ ಎನ್ನುತ್ತಾರೇನೋ ಅಂದುಕೊಂಡಿದ್ದೆ. ಇಲ್ಲ. ಆ ಮಾತಿಗಾಗಿ ಅವರನ್ನು ಇವತ್ತಿಗೂ ಪ್ರೀತಿಸುತ್ತೇನೆ.

ಕುಂಚ ಅದ್ದಿದೆ. ಕೈ ಅಲ್ಲೇ ನಿಂತಿತು. ಅಕ್ಕಪಕ್ಕ ನೋಡಿದೆ. ನಮ್ಮವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಬಿತ್ತೋ ಅತ್ತೆ, ಅವರ ಸೊಸೆ, ಇವರ ಹೆಂಡ್ತಿ... ಇಷ್ಟು ಬಿಟ್ಟರೆ ಅಲ್ಲಿದ್ದ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಊರಿನ ಮಕ್ಕಳ ಹೆಸರನ್ನೆಲ್ಲ ಹಾಜರಿ ಪುಸ್ತಕ ಹಿಡಿದು ಕೂಗಿದ್ದ ನನಗೂ ಗೊತ್ತಿರಲಿಲ್ಲ.

“ಅತ್ತೆ... ನಿಮ್ಮ ಹೆಸರೇನು?”

ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಹೆಸರು ಹೇಳಿದರು. “ನಮ್ಮವ್ವ ಹಂಗ್ ಕರೀತಿದ್ಳು. ಆಮ್ಯಾಕೆ ಯಾರೂ ಕರ್ದಿಲ್ಲ.” ನಾನು ಬರೆದೆ. ‘ಈ ಕೂರಿಗೆಯಲ್ಲಿ ನಲವತ್ತು ವರ್ಷ ಬಿತ್ತಿದವರು’ ಎಂದು ಬರೆದು, ಕೆಳಗೆ ಆ ಹೆಸರನ್ನು ಎರಡರಷ್ಟು ದೊಡ್ಡ ಅಕ್ಷರದಲ್ಲಿ ಬರೆದೆ. ಇಲ್ಲಿ ಮಾತ್ರ ಬರೆಯುವುದಿಲ್ಲ. ಬೇಕಾದವರು ಅರಸೀಕೆರೆ ಕಡೆಯ ಬಸ್ಸು ಹತ್ತಿ, ಆ ಗಿರಣಿ ಹುಡುಕಿಕೊಂಡು ಹೋಗಿ ಓದಿಕೊಳ್ಳಲಿ.

ಅತ್ತೆ ಹೋಗಿ ಈಗ ಮೂರು ವರ್ಷ. ನಾನು ಅರಸೀಕೆರೆಗೆ ಬಂದ ಮೇಲೂ ನಾಲ್ಕಾರು ಸಲ ಆ ಮ್ಯೂಸಿಯಂಗೆ ಹೋಗಿ ಬಂದಿದ್ದೇನೆ. ಮ್ಯಾನೇಜರು ಬಂದವರಿಗೆಲ್ಲ ಆ ದಿನದ ಕತೆ ಹೇಳುತ್ತಾನೆ. ಹಿಂದೆ ನಿಂತು ಕೇಳುತ್ತೇನೆ, ಎದೆ ಉಬ್ಬಿ ಬರುತ್ತದೆ. ಹೋದ ತಿಂಗಳು ಹೋದಾಗ ಕಾಲೇಜಿನ ಹುಡುಗಿಯೊಬ್ಬಳು, “ಕಾಳು ಹೇಗೆ ಬಿಡೋದು ಅಂತ ಒಂದ್ಸಲ ತೋರಿಸ್ತೀರಾ?” ಎಂದು ಕೇಳಿದಳು. ಮ್ಯಾನೇಜರು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಇಪ್ಪತ್ತೆಂಟು ವರ್ಷ ಗೋಡೆಗೆ ಗೋಡೆ ಅಂಟಿಕೊಂಡು ಇದ್ದವಳು ನಾನು. ಅವರ ಮನೆಯ ಉಸಲಿ ತಿಂದೆ, ಅವರ ಬಿತ್ತನೆಯನ್ನು ಬದುವಿನ ಮೇಲೆ ನಿಂತು ನೋಡಿದೆ. ಒಂದು ದಿನವಾದರೂ ‘ಅತ್ತೆ, ನನಗೂ ಕಲಿಸಿ’ ಎನ್ನಲಿಲ್ಲ. ಊರಿನಲ್ಲಿ ಬೇರೆ ಯಾರೂ ಕೇಳಲಿಲ್ಲ. ಈಗ ಆ ಕೈಯನ್ನು ಎಲ್ಲಿಂದ ತರಲಿ...

“ನನಗೆ ಬರಲ್ಲಮ್ಮ,” ಎಂದೆ ಆ ಹುಡುಗಿಗೆ. ಬೋರ್ಡಿನ ಕಡೆ ಕೈ ತೋರಿದೆ. “ಇಲ್ಲಿ ಯಾರಿಗೂ ಬರಲ್ಲ. ಬರ್ತಿದ್ದೋರ ಹೆಸರು ಅಲ್ಲಿದೆ ನೋಡು. ಜೋರಾಗಿ ಓದು.”

ಅವಳು ಬೋರ್ಡಿನ ಮುಂದೆ ಹೋಗಿ ನಿಂತು, ಇಡೀ ಗಿರಣಿಗೆ ಕೇಳುವ ಹಾಗೆ ಓದಿದಳು.